ಗ್ಲಾಸಿನ ಸದ್ದು ಇರಲಿ ಬಿಡು

ಪ್ರೀತಿಯ ಗೆಳೆಯಾ,

ಜಾಝ್ ಪಿಯಾನಿಸ್ಟ್ ಬಿಲ್ ಇವಾನ್ಸ್ ರೆಕಾರ್ಡಿಂಗ್ ಕೇಳಿ ನೀನು ಬರೆದದ್ದು ಓದಿ ನಗು ಬಂತು. ‘ಪಿಯಾನೊ ಏನೋ ಚೆನ್ನಾಗಿದೆ, ಆದರೆ ಹಿಂದೆ ಗ್ಲಾಸು ತಾಗುವ ಸದ್ದು, ಯಾರೋ ನಗುವುದು, ಹರಟೆ. ಇದನ್ನೆಲ್ಲ ಅಳಿಸಬಾರದಿತ್ತಾ?’ ಅಂತ ಕೇಳಿದ್ದೀಯ. ಎರಡು ಸಾಲಿನ ಮೆಸೇಜಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು, ಅದಕ್ಕೇ ಪತ್ರ. ನಿನ್ನ ಹಾಗೇ ಕೇಳಿದವರು ಇನ್ನೂ ಇಬ್ಬರಿದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಆ ಸದ್ದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ಕ್ಲಬ್ಬಿನದು. ಗ್ರೀನಿಚ್ ವಿಲೇಜಿನಲ್ಲಿ, ಸೆವೆಂತ್ ಅವೆನ್ಯೂ ಸೌತ್, ನಂಬರ್ 178. ರಸ್ತೆಯಿಂದ 15 ಮೆಟ್ಟಿಲು ಇಳಿದರೆ ಒಂದು ನೆಲಮಾಳಿಗೆ, ಸಮೋಸದ ಹಾಗೆ ಮೂರು ಮೂಲೆ. 123 ಜನ ಕೂತರೆ ಭರ್ತಿ. ಕಿರಿದಾದ ತುದಿಯಲ್ಲಿ ವೇದಿಕೆ. ಮುಂದಿನ ಟೇಬಲ್ಲಿನವರು ಕೈ ಚಾಚಿದರೆ ಸ್ಯಾಕ್ಸೋಫೋನ್ ಮುಟ್ಟಬಹುದು, ಅಷ್ಟು ಹತ್ತಿರ. ಇಂಥ ಜಾಗದಲ್ಲಿ ಮೈಕ್ ಇಟ್ಟರೆ ಗ್ಲಾಸಿನ ಸದ್ದು ಬರದೆ ಇನ್ನೇನು ಬರುತ್ತೆ ಹೇಳು.

ಇದನ್ನು ಶುರು ಮಾಡಿದವನು ಮ್ಯಾಕ್ಸ್ ಗಾರ್ಡನ್. 1903ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿ, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಬೆಳೆದವನು. ಲಾ ಓದಲಿಕ್ಕೆ ಅಂತ ನ್ಯೂಯಾರ್ಕಿಗೆ ಬಂದು, ಓದು ಅರ್ಧಕ್ಕೆ ಬಿಟ್ಟ. ಮೊದಲು ಚಾರ್ಲ್ಸ್ ಸ್ಟ್ರೀಟಿನಲ್ಲಿ ಒಂದು ಜಾಗ ಹಿಡಿದಿದ್ದ. ಅಲ್ಲಿ ಹಾಡು-ಕುಣಿತಕ್ಕೆ ಲೈಸೆನ್ಸ್ ಸಿಗಲಿಲ್ಲ. ಹಾಗಾಗಿ 1935ರಲ್ಲಿ ಈ ಮೂರು ಮೂಲೆಯ ನೆಲಮಾಳಿಗೆಗೆ ಬಂದ. ಜಾಝ್ ಕ್ಲಬ್ ಮಾಡಬೇಕು ಅನ್ನೋ ಯೋಚನೆಯೇ ಅವನಿಗಿರಲಿಲ್ಲ. ಶುರುವಿನಲ್ಲಿ ಕವಿಗಳು ಬಂದು ಪದ್ಯ ಓದುತ್ತಿದ್ದರು. ಆಮೇಲೆ, ಮುಂದೆ ಸಿನಿಮಾ ನಟಿಯಾದ ಜೂಡಿ ಹಾಲಿಡೇ ಇದ್ದ ಒಂದು ಹಾಸ್ಯದ ತಂಡ ಬಂತು. ಅವರಿಗೆ ಒಮ್ಮೊಮ್ಮೆ ಪಿಯಾನೊ ನುಡಿಸಿಕೊಡುತ್ತಿದ್ದ ಹುಡುಗ ಯಾರು ಗೊತ್ತಾ? ಮುಂದೆ ದೊಡ್ಡ ಸಂಗೀತ ಸಂಯೋಜಕನಾದ ಲಿಯೊನಾರ್ಡ್ ಬರ್ನ್‌ಸ್ಟೈನ್! ಯಾರು ಬಂದರೂ ಮ್ಯಾಕ್ಸ್ ವೇದಿಕೆ ಕೊಡುತ್ತಿದ್ದ. ಒಳ್ಳೆಯದಿದ್ದರೆ ಸಾಕು, ಯಾವ ಜಾತಿಯ ಸಂಗೀತ ಅಂತ ಕೇಳುತ್ತಿರಲಿಲ್ಲ.

1941ರಲ್ಲಿ ಜಾನಪದ ಗಾಯಕ ಲೆಡ್ ಬೆಲಿ ಬಂದು ತನ್ನ 12 ತಂತಿಯ ಗಿಟಾರ್ ಹಿಡಿದು ಇಲ್ಲಿ ಹಾಡಿದ. ಜೈಲಿನಲ್ಲಿ ವರ್ಷಗಟ್ಟಲೆ ಕಳೆದು ಬಂದವನು. 1949ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಅದೇ ತಿಂಗಳ ಕೊನೆಗೆ ಇನ್ನೊಬ್ಬ ಜಾನಪದ ಗಾಯಕ ಪೀಟ್ ಸೀಗರ್‌ನ ವೀವರ್ಸ್ ತಂಡ ಅದೇ ವೇದಿಕೆ ಹತ್ತಿತು. ಇವರ ಸಂಬಳದ ಕಥೆಯನ್ನು ಸೀಗರ್ ತಾನೇ ಹೇಳಿಕೊಂಡಿದ್ದ. ನಾಲ್ಕೂ ಜನಕ್ಕೆ ಸೇರಿ ವಾರಕ್ಕೆ 200 ಡಾಲರ್, ಜೊತೆಗೆ ಬಿಟ್ಟಿ ಹ್ಯಾಂಬರ್ಗರ್. ಅಡುಗೆಮನೆಯಲ್ಲಿ ಸೀಗರ್ ತನಗೆ ತಾನೇ ಮಾಡಿಕೊಳ್ಳುತ್ತಿದ್ದ ಹ್ಯಾಂಬರ್ಗರಿನ ಗಾತ್ರ ಒಂದು ದಿನ ಮ್ಯಾಕ್ಸ್ ಕಣ್ಣಿಗೆ ಬಿತ್ತು. ತಕ್ಷಣ ಕರಾರು ಬದಲಾಯಿತು: ಸಂಬಳ 250, ಹ್ಯಾಂಬರ್ಗರ್ ಬಂದ್. ಎರಡು ವಾರಕ್ಕೆ ಅಂತ ಬಂದ ತಂಡ ಆರು ತಿಂಗಳು ಹಾಡಿತು. ಮುಂದಿನ ವರ್ಷ ಲೆಡ್ ಬೆಲಿಯ ಹಾಡೊಂದನ್ನು ಇವರು ರೆಕಾರ್ಡ್ ಮಾಡಿದರು. ಅದು ದೇಶಕ್ಕೇ ನಂಬರ್ ಒನ್ ಆಗಿ ವಾರಗಟ್ಟಲೆ ಕೂತಿತು. ಅವನಿರುವಾಗ ಆಗದ್ದು, ಅವನು ಹೋಗಿ ಒಂದು ವರ್ಷ ತುಂಬುವ ಮೊದಲೇ ಆಯಿತು. ಇದನ್ನು ನೆನೆದಾಗೆಲ್ಲ ನನಗೆ ಸಂಕಟ.

ಪಿಯಾನಿಸ್ಟ್ ಮಾಂಕ್ ಕಥೆ ಹೇಳದಿದ್ದರೆ ನೀನು ಬಿಡಲ್ಲ. 1948ರಲ್ಲಿ ಲೊರೇನ್ ಅನ್ನುವ ಹುಡುಗಿ ಮ್ಯಾಕ್ಸ್ ಹಿಂದೆ ಬಿದ್ದು, ಥೆಲೋನಿಯಸ್ ಮಾಂಕ್‌ಗೆ ಒಂದು ಅವಕಾಶ ಕೊಡಿಸಿದಳು. ಆಗ ಅವಳು ಬ್ಲೂ ನೋಟ್ ಅನ್ನುವ ರೆಕಾರ್ಡ್ ಕಂಪನಿಯ ಆಲ್ಫ್ರೆಡ್ ಲಯನ್‌ನ ಹೆಂಡತಿ. ಮಾಂಕ್ ನುಡಿಸಿದ, ಕೇಳೋಕೆ ಜನವೇ ಇಲ್ಲ. ನನ್ನ ವ್ಯಾಪಾರ ಹಾಳು ಮಾಡಿದೆ ಅಂತ ಮ್ಯಾಕ್ಸ್ ಗೊಣಗಿದ. ಅವನೊಬ್ಬ ಜೀನಿಯಸ್, ಸುಮ್ನಿರು ಅಂತ ಅವಳು ಬಾಯಿ ಮುಚ್ಚಿಸಿದಳು. ಮುಂದೆ ಮಾಂಕ್‌ನನ್ನು ಜೀನಿಯಸ್ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದವನು ಮ್ಯಾಕ್ಸೇ. ಲೊರೇನ್ ಆಮೇಲೆ ಮದುವೆಯಾಗಿದ್ದೂ ಇವನನ್ನೇ.

ಟಿವಿ ಬಂದಮೇಲೆ ಹಾಸ್ಯದವರು, ಹಾಡುಗಾರರು ಆ ಕಡೆ ಹೋದರು. ಅವರನ್ನು ಮನೆಯಲ್ಲೇ ಬಿಟ್ಟಿ ನೋಡುವ ಜನ ದುಡ್ಡು ಕೊಟ್ಟು ಮೆಟ್ಟಿಲು ಯಾಕೆ ಇಳಿಯಬೇಕು? 1957ರ ಹೊತ್ತಿಗೆ ಮ್ಯಾಕ್ಸ್ ಪೂರ್ತಿ ಜಾಝ್ ಕಡೆ ತಿರುಗಿದ. ಅದೇ ವರ್ಷ ನವೆಂಬರ್ 3ರಂದು ಸ್ಯಾಕ್ಸೋಫೋನ್ ವಾದಕ ಸಾನಿ ರಾಲಿನ್ಸ್ ಪಿಯಾನೊ ಇಲ್ಲದೆ, ಬರೀ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ಡ್ರಮ್ಸ್ ಇಟ್ಟುಕೊಂಡು ನುಡಿಸಿದ್ದು ರೆಕಾರ್ಡ್ ಆಯಿತು. ಆ ಕೋಣೆಯಲ್ಲಿ ಸದ್ದು ಎಷ್ಟು ಚೆನ್ನಾಗಿ ಕೂರುತ್ತೆ ಅಂತ ಎಲ್ಲರಿಗೂ ಗೊತ್ತಾಯಿತು.

ಈಗ ನಿನ್ನ ರೆಕಾರ್ಡಿಂಗಿಗೆ ಬರುತ್ತೇನೆ. 1961ರ ಜೂನ್ 25, ಭಾನುವಾರ. ಇವಾನ್ಸ್, ಬಾಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಪಾಲ್ ಮೋಶನ್. ಮಧ್ಯಾಹ್ನ ಎರಡು, ರಾತ್ರಿ ಮೂರು, ಒಟ್ಟು ಐದು ಸರದಿ. ಮೊದಲ ಟ್ಯೂನ್ ನುಡಿಸುವಾಗಲೇ ಕರೆಂಟ್ ಕೈಕೊಟ್ಟು ಟೇಪ್ ನಿಂತಿತ್ತು. ಜನ ಕುಡಿದರು, ಹರಟಿದರು. ಎದುರಿಗೆ ಏನು ನಡೀತಿದೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತೋ. ಹನ್ನೊಂದೇ ದಿನಕ್ಕೆ ಲಫಾರೊ ಕಾರು ಅಪಘಾತದಲ್ಲಿ ಹೋದ. ವಯಸ್ಸು 25. ಆ ಮೂವರೂ ಒಟ್ಟಿಗೆ ಮಾಡಿದ ಕೊನೆಯ ರೆಕಾರ್ಡಿಂಗ್ ಅದು. ಮೊದಲು ನನಗೂ ಆ ಗದ್ದಲ ಕಿರಿಕಿರಿಯೇ. ಇದು ಗೊತ್ತಾದಮೇಲೆ ಬಾಸ್ ಕೇಳುವಾಗ ಗ್ಲಾಸಿನ ಸದ್ದೂ ಬೇಕು ಅನ್ನಿಸತೊಡಗಿತು. ಅವನು ಬದುಕಿದ್ದ ಭಾನುವಾರ ಅಲ್ವಾ ಅದು.

ಉಳಿದದ್ದು ಬೇಗ ಹೇಳುತ್ತೇನೆ. 1966ರ ಫೆಬ್ರವರಿಯ ಒಂದು ಸೋಮವಾರ ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಅವರ ದೊಡ್ಡ ಬ್ಯಾಂಡ್ ಅಲ್ಲಿ ಶುರುವಾಯಿತು. ಆ ಚಿಕ್ಕ ವೇದಿಕೆಯಲ್ಲಿ ಹದಿನಾರು ಜನ ಹೇಗೆ ಕೂರುತ್ತಾರೋ, ನೋಡಿದರೇ ಉಸಿರು ಕಟ್ಟುತ್ತೆ! ಅವರಿಬ್ಬರೂ ಈಗಿಲ್ಲ, ಆದರೆ ಆ ಬ್ಯಾಂಡ್ ಈಗಲೂ ಸೋಮವಾರ ಅಲ್ಲಿ ನುಡಿಸುತ್ತೆ. 1989ರ ಮೇನಲ್ಲಿ ಮ್ಯಾಕ್ಸ್ ತೀರಿಕೊಂಡಾಗ ಲೊರೇನ್ ಒಂದೇ ರಾತ್ರಿ ಬಾಗಿಲು ಹಾಕಿದಳು. ಮರುದಿನದಿಂದ ತಾನೇ ನಡೆಸಿದಳು, 2018ರಲ್ಲಿ 95ನೇ ವಯಸ್ಸಿನಲ್ಲಿ ಹೋಗುವ ತನಕ. ಈಗ ಮಗಳು ನೋಡಿಕೊಳ್ಳುತ್ತಾಳೆ.

ನೀನು ಕೇಳಿದ ಹಾಗೆ ಗದ್ದಲವಿಲ್ಲದ ವ್ಯಾನ್‌ಗಾರ್ಡ್ ಕೂಡ ಒಮ್ಮೆ ಇತ್ತು. ಕೋವಿಡ್ ಬಂದು 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದರು. ಆಮೇಲೆ ಖಾಲಿ ಕೋಣೆಯಿಂದಲೇ ಕಛೇರಿಗಳನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟರು. ಒಂದನ್ನು ನಾನೂ ಕೂತು ನೋಡಿದೆ. ಸದ್ದು ಗಾಜಿನಷ್ಟು ಸ್ವಚ್ಛ. ಟ್ಯೂನ್ ಮುಗಿಯಿತು. ಚಪ್ಪಾಳೆಯಿಲ್ಲ, ಕೆಮ್ಮಿಲ್ಲ, ಕುರ್ಚಿ ಎಳೆದ ಸದ್ದಿಲ್ಲ. ಎದೆ ಧಸಕ್ಕೆಂದಿತು ಕಣೋ. 2021ರ ಸೆಪ್ಟೆಂಬರಿನಲ್ಲಿ ಮತ್ತೆ ಜನರನ್ನು ಒಳಗೆ ಬಿಟ್ಟರು.

ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆ ಭಾನುವಾರವನ್ನು ಇನ್ನೊಮ್ಮೆ ಕೇಳು. ನಗುವವರು ಎಡಗಿವಿಯಲ್ಲಿದ್ದಾರೋ ಬಲಗಿವಿಯಲ್ಲೋ ನೋಡಿ ಬರೆ.

ನಿನ್ನ ಗೆಳೆಯ