ಕಪ್ಪು ಸೇರಿಸಿದರೆ ಬೆಲ್ಜಿಯಂ

ರಾಜ್ಯೋತ್ಸವ ಸಂಚಿಕೆ ಇವತ್ತು ರಾತ್ರಿಯೇ ಹೋಗಬೇಕು, ಸಂಪಾದಕೀಯದ ಪುಟ ಮಾತ್ರ ಖಾಲಿ. ಶನಿವಾರದ ಕನ್ನಡ ತರಗತಿಯಲ್ಲಿ ಬಾವುಟಕ್ಕೆ ಬಣ್ಣ ಹಚ್ಚುತ್ತಿದ್ದ ಪುಟಾಣಿಯೊಬ್ಬಳು, "ಆಂಟಿ, ಅರಿಶಿನ-ಕುಂಕುಮಕ್ಕೆ ಕಪ್ಪು ಸೇರಿಸಿದ್ರೆ ಬೆಲ್ಜಿಯಂ!" ಅಂದಳು. ಅಷ್ಟಕ್ಕೇ ಬಿಡದೆ ಬಾವುಟದ ಮೇಲೆ 9 ಅಂತ ಬರೆದಳು. ಅದು ಬೆಲ್ಜಿಯಂನ ಫುಟ್‌ಬಾಲ್ ಆಟಗಾರ್ತಿ ಟೆಸ್ಸಾ ವುಲಾರ್ಟ್ ನಂಬರು. ಈ ಪುಟ ಆಕೆಗೇ ಇರಲಿ.

ಹುಟ್ಟಿದ್ದು 1993ರಲ್ಲಿ, ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್‌ನ ಟೀಲ್ಟ್‌ನಲ್ಲಿ. ಜುಲ್ಟೆ ವಾರೆಗೆಮ್, ಆಂಡರ್ಲೆಕ್ಟ್, ಸ್ಟಾಂಡರ್ಡ್ ಲೀಯೆಜ್ ಎಂಬ ಬೆಲ್ಜಿಯಂ ಕ್ಲಬ್ಬುಗಳನ್ನು ದಾಟಿ 2015ರಲ್ಲಿ ಜರ್ಮನಿಯ ವೋಲ್ಫ್ಸ್‌ಬುರ್ಗ್ ಕ್ಲಬ್ ಸೇರಿದಳು. ಬೆಲ್ಜಿಯಂ-ನೆದರ್ಲೆಂಡ್ಸ್ ಜಂಟಿ ಲೀಗ್ ನಿಂತುಹೋದ ವರ್ಷ ಅದು. ಜರ್ಮನಿಯಲ್ಲಿ ಎರಡು ಲೀಗ್, ಮೂರು ಜರ್ಮನ್ ಕಪ್ ಗೆದ್ದಳು. ಆದರೆ ಪಾಪ್, ಪಯೋರ್, ಹಾರ್ಡರ್‌ರಂಥ ಗೋಲುಗಾರ್ತಿಯರಿದ್ದ ತಂಡದಲ್ಲಿ ಮುಂಚೂಣಿಯ ಜಾಗಕ್ಕೆ ಕ್ಯೂ ಉದ್ದ. ನಂತರ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ, 2019ರಲ್ಲಿ ಎರಡು ಕಪ್. 2020ರಲ್ಲಿ, 27ನೇ ವಯಸ್ಸಿಗೆ, ಮತ್ತೆ ಆಂಡರ್ಲೆಕ್ಟ್.

"ವಾಪಸ್ ಬಂದ್ಬಿಟ್ಲಾ?" ಈ ಪ್ರಶ್ನೆಯ ಧಾಟಿ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಂದವಳು 2021, 2022ರಲ್ಲಿ ಸತತವಾಗಿ ಲೀಗ್ ಗೆದ್ದಳು. 2022ರಲ್ಲೇ ಬೆಲ್ಜಿಯಂ ಮಹಿಳಾ ತಂಡ ಮೊದಲ ಸಲ ಯುರೋ, ಅಂದರೆ ಯುರೋಪ್ ಚಾಂಪಿಯನ್‌ಷಿಪ್‌ನ, ಕ್ವಾರ್ಟರ್ ಫೈನಲ್ ಮುಟ್ಟಿತು. ಗೋಲು ಹೊಡೆಯುವ ಸ್ಟ್ರೈಕರ್‌ಗೆ ಬೇಕಾದದ್ದು ದೊಡ್ಡ ಕ್ಲಬ್ಬಿನ ಬೆಂಚಲ್ಲ, ಪ್ರತಿ ವಾರ ತೊಂಬತ್ತು ನಿಮಿಷ. ಆಮೇಲೆ ನೆದರ್ಲೆಂಡ್ಸ್‌ನ ಫೋರ್ಟುನಾ ಸಿಟ್ಟಾರ್ಡ್, 2024ರಲ್ಲಿ ಇಟಲಿಯ ಇಂಟರ್ ಮಿಲಾನ್. ದೇಶದ ಮಹಿಳಾ ತಂಡದಲ್ಲಿ ಅತಿ ಹೆಚ್ಚು ಗೋಲು ಆಕೆಯದೇ. ಬೆಲ್ಜಿಯಂನಲ್ಲಿ ಅತ್ಯುತ್ತಮ ಆಟಗಾರ್ತಿಗೆ ಕೊಡುವ ಗೋಲ್ಡನ್ ಶೂ ಪ್ರಶಸ್ತಿ, ಮಹಿಳೆಯರಿಗೆ ಮೊದಲನೆಯದು, 2016ರದ್ದು, ಅದೂ ಆಕೆಗೇ.

ಮರೆಯಲಾಗದ್ದು 2023ರ ಅಕ್ಟೋಬರ್ 31. ರಾಜ್ಯೋತ್ಸವದ ಹಿಂದಿನ ರಾತ್ರಿ, ಲ್ಯುವೆನ್‌ನ ಡೆನ್ ಡ್ರೇಫ್ ಮೈದಾನ. ಎದುರಿಗೆ ಯುರೋಪ್ ಚಾಂಪಿಯನ್ ಇಂಗ್ಲೆಂಡ್, ಆಗಸ್ಟ್‌ನಲ್ಲಷ್ಟೇ ವಿಶ್ವಕಪ್ ಫೈನಲ್ ಆಡಿ ಬಂದ ತಂಡ. ಲಾರಾ ಡೆ ನೇವೆಯ ಫ್ರೀ ಕಿಕ್‌ನಿಂದ ಬೆಲ್ಜಿಯಂ ಮುಂದು. ಇಂಗ್ಲೆಂಡ್ ಎರಡು ಹೊಡೆದು ತಿರುಗಿಸಿತು. ವಿರಾಮದ ಹೊತ್ತಿಗೆ ಟೆಸ್ಸಾ ಸಮ ಮಾಡಿದಳು. ಕೊನೆಗೆ, ಆಟ ಮುಗಿಯುವ ಹೊತ್ತಿನಲ್ಲಿ, ಪೆನಾಲ್ಟಿ. ಹನ್ನೊಂದು ಮೀಟರ್ ದೂರ, 7.32 ಮೀಟರ್ ಅಗಲದ ಗೋಲು. ಓಡಿಬರುವಾಗ ಮೂಲೆ ಬದಲಿಸಿದವರ ಕಾಲು ತಡವರಿಸುತ್ತದೆ, ನಮ್ಮ ಮಕ್ಕಳ ತಪ್ಪೂ ಅದೇ. ಆಕೆ ತಡವರಿಸಲಿಲ್ಲ. 3–2. ಇದು ಒಲಿಂಪಿಕ್ಸ್ ಅರ್ಹತೆಗೂ ದಾರಿಯಾಗಿದ್ದ ನೇಷನ್ಸ್ ಲೀಗ್ ಪಂದ್ಯ. ಡಿಸೆಂಬರ್‌ನಲ್ಲಿ ಅದರ ಗುಂಪಿನಲ್ಲಿ ಇಂಗ್ಲೆಂಡ್ ಗೋಲು ಅಂತರದಲ್ಲಿ ನೆದರ್ಲೆಂಡ್ಸ್‌ಗಿಂತ ಹಿಂದೆ ಬಿದ್ದು, ಬ್ರಿಟನ್ನಿನ ಪ್ಯಾರಿಸ್ ಒಲಿಂಪಿಕ್ಸ್ ಆಸೆಯೂ ಮುಗಿಯಿತು. 2025ರ ಏಪ್ರಿಲ್‌ನಲ್ಲಿ ಅದೇ ಊರು, ಅದೇ ಇಂಗ್ಲೆಂಡ್, ಅದೇ 3–2, ಟೆಸ್ಸಾಗೆ ಮತ್ತೆ ಎರಡು ಗೋಲು!

ಶನಿವಾರ ಚೆಂಡಾಡುವ ಹುಡುಗಿಯರಿಗೆ ಒಂದು ಮಾತು. ಚೆಂಡು ಬಂದಮೇಲೆ ಓಡಿದರೆ ತಡ, ಕೊಡುವವಳು ತಲೆ ಎತ್ತುವ ಮುಂಚೆ ಓಡಿದರೆ ಆಫ್‌ಸೈಡ್, ಅಂದರೆ ಚೆಂಡು ಹೊರಡುವ ಮೊದಲೇ ಡಿಫೆಂಡರುಗಳ ಸಾಲು ದಾಟಿಬಿಟ್ಟಿರುತ್ತೀರಿ. ಅವಳ ಕಣ್ಣು ನಿಮ್ಮ ಮೇಲೆ ಬಿದ್ದ ಕ್ಷಣ ಹೊರಡಿ. ನೇರಕ್ಕಲ್ಲ, ಡಿಫೆಂಡರುಗಳ ಸಾಲಿನ ಉದ್ದಕ್ಕೆ ಬಿಲ್ಲಿನಂತೆ ಬಾಗಿ ಓಡಿ. ಆಗ ಚೆಂಡು ಹೊರಡುವವರೆಗೂ ನೀವು ಆನ್‌ಸೈಡ್.

ಇನ್ನು ಪ್ರಕಟಣೆ, ಜಾಗ ಕಮ್ಮಿ. ರಾಜ್ಯೋತ್ಸವ ನವೆಂಬರ್‌ನ ಎರಡನೇ ಶನಿವಾರ, ಬೆಳಿಗ್ಗೆ 10ಕ್ಕೆ, ಎಂದಿನ ಸಭಾಂಗಣ. ನೂರಿಪ್ಪತ್ತು ಜನಕ್ಕೆ ಬಿಸಿಬೇಳೆ ಬಾತ್: ಅಕ್ಕಿ 9 ಕೆ.ಜಿ., ತೊಗರಿಬೇಳೆ 6 ಕೆ.ಜಿ. ಬಂದಿದೆ, ಹುಣಸೆಹಣ್ಣು, ಒಣಕೊಬ್ಬರಿ ಬಂದಿಲ್ಲ. ಈ ಚಳಿಗೆ ಬಾತ್ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ನೀರಾಗಿಯೇ ಇಳಿಸಿ, ಬಿಸಿನೀರಿನ ಕೆಟಲ್ ಪಕ್ಕದಲ್ಲಿರಲಿ. ಭುವನೇಶ್ವರಿ ಪೂಜೆಗೆ ಹೂವು ತರುವವರು ಶುಕ್ರವಾರವೇ ತಿಳಿಸಿ. ಪಾತ್ರೆ ತೊಳೆಯಲು ನಾಲ್ಕು ಜನ ಬೇಕು, ಹೆಸರು ಕೊಟ್ಟವರು ಒಬ್ಬರೇ. ಕರಡು ತಿದ್ದಲು ಯಾರಾದರೂ ತಿಂಗಳಿಗೊಂದು ಸಂಜೆ ಬಿಡುವು ಮಾಡಿಕೊಳ್ಳಿ, ದಮ್ಮಯ್ಯ.