ಈ ಭಾನುವಾರ ನೀರ ಮೇಲೆ ಸುತ್ತುವ ಜೀರುಂಡೆ ನೋಡೋಣ

ಗೆಳೆಯರೇ, ಭಾನುವಾರ ಕೆರೆ, ಹೊಂಡದ ಕಡೆ ಹೋಗುವವರು ನೀರಿನ ಮೇಲೆ ಗಿರಗಿರನೆ ಸುತ್ತುವ ಪುಟ್ಟ ಕಪ್ಪು ಜೀರುಂಡೆಗಳನ್ನು ಗಮನಿಸಿ ಬನ್ನಿ. ಉದ್ದ ಕಾಲು ಚಾಚಿಕೊಂಡು ನೀರಿನ ಮೇಲೆ ನಿಲ್ಲುವ ಹುಳ ಬೇರೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಇದರ ಮೈ ಮೊಟ್ಟೆಯ ಆಕಾರ, ಎಣ್ಣೆ ಹಚ್ಚಿದ ಹಾಗೆ ಹೊಳಪು.

ದಡಕ್ಕೆ ಹೋದ ಕೂಡಲೇ ಬಗ್ಗಿ ನೋಡಬೇಡಿ. ನಿಮ್ಮ ನೆರಳು ಬಿದ್ದರೂ ಗುಂಪು ಚೆಲ್ಲಾಪಿಲ್ಲಿಯಾಗಬಹುದು. ಸುಮ್ನೆ ಸ್ವಲ್ಪ ಹೊತ್ತು ಕೂತುಕೊಳ್ಳಿ, ಮತ್ತೆ ಒಂದು ಕಡೆ ಸೇರುತ್ತವೆ.

ಇದರ ಕಣ್ಣು ನನಗೆ ಎಲ್ಲಕ್ಕಿಂತ ಇಷ್ಟ. ಒಂದೊಂದು ಕಣ್ಣೂ ಎರಡು ಭಾಗ. ಮೇಲಿನದು ಗಾಳಿಯಲ್ಲಿ ನೋಡುತ್ತದೆ, ಕೆಳಗಿನದು ನೀರೊಳಗೆ. ಹಕ್ಕಿ ಬಂದರೂ ಗೊತ್ತು, ಮೀನು ಬಂದರೂ ಗೊತ್ತು! ಗಿಡ್ಡ ಮೀಸೆಗಳು ನೀರಿನ ಅಲೆಯನ್ನು ಗುರುತಿಸುತ್ತವೆ. ಅಷ್ಟು ಜೋರಾಗಿ ಸುತ್ತಿದರೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಕಡಿಮೆ, ಅದಕ್ಕೆ ಈ ಮೀಸೆಯೂ ಒಂದು ಕಾರಣ.

ಮುಳುಗುವಾಗ ಬಾಲದ ತುದಿ ನೋಡಿ. ಬೆಳ್ಳಿ ಮಣಿಯಂತೆ ಒಂದು ಗಾಳಿಗುಳ್ಳೆ ಅಂಟಿಕೊಂಡಿರುತ್ತದೆ. ನೀರೊಳಗೆ ಉಸಿರಿಗೆ ಅದೇ ಆಧಾರ.

ದಯವಿಟ್ಟು ಹಿಡಿಯಬೇಡಿ. ಹೆದರಿದರೆ ವಾಸನೆಯ ದ್ರವ ಬಿಡುತ್ತದೆ, ಸುಮ್ಮನೆ ಅದಕ್ಕೆ ತೊಂದರೆ ಅಲ್ವಾ? ಎಣಿಸುವುದು ಕಷ್ಟವಾದರೆ ಒಂದು ಫೋಟೋ ತೆಗೆದು ಆಮೇಲೆ ಎಣಿಸಿ. ಎಷ್ಟು ಕಂಡವು, ಬಿಸಿಲಿತ್ತೋ ನೆರಳಿತ್ತೋ, ನೀರು ನಿಂತಿತ್ತೋ ಹರಿಯುತ್ತಿತ್ತೋ, ಇಷ್ಟನ್ನು ಸಂಜೆ ಇಲ್ಲಿ ಹಾಕಿ. ಒಂದೂ ಕಾಣದಿದ್ದರೆ ಅದನ್ನೂ ಬರೆಯಿರಿ. ಮಕ್ಕಳು ಜೊತೆಗಿದ್ದರೆ ದಡದಲ್ಲಿ ಕೈ ಬಿಡಬೇಡಿ.