ಅಜ್ಜಿಯ ಬಗ್ಗೆ ಬರೆಯಹೊರಟ ಹುಡುಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ತುಂಬಿ ಬಂತು. ಅಜ್ಜಿಯ ಕೊನೆಯ ಹದಿನೈದು ದಿನ, ಮನೆಗೆ ಕರೆದುಕೊಂಡು ಹೋಗಿ ಅಂತ ಹಟ ಹಿಡಿದದ್ದು, ನಿನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದದ್ದು, ಎಲ್ಲ ಚೆನ್ನಾಗಿದೆ. ಎರಡನೇ ಸಲ ಓದುವಾಗ ಮಾತ್ರ ಒಂದು ಪ್ರಶ್ನೆ ಕಾಡಿತು. ಅವರು ಬದುಕಿದ್ದು ತೊಂಬತ್ತೆರಡು ವರ್ಷ ಅಲ್ವಾ? ನಿನ್ನ ಬರಹದಲ್ಲಿ ಇರುವುದು ಆ ಹದಿನೈದು ದಿನ, ಜೊತೆಗೆ ನಿನ್ನ ಕೆಲವು ಬೇಸಿಗೆ ರಜೆ. ಉಳಿದ ಅಜ್ಜಿ ಎಲ್ಲಿ?

‘ತ್ಯಾಗಮಯಿ’, ‘ಮಮತೆಯ ಕಡಲು’ ಈ ಎರಡನ್ನೂ ತೆಗೆದುಬಿಡು. ಸುಳ್ಳು ಅಂತ ಹೇಳುತ್ತಿಲ್ಲ. ಆದರೆ ಅವು ಯಾರ ಅಜ್ಜಿಗಾದರೂ ಒಪ್ಪುವ ಮಾತು. ಎರಡನೇ ಪುಟದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ: ಹಾಲಿನ ಲೆಕ್ಕಕ್ಕೆ ಅಡುಗೆಮನೆ ಬಾಗಿಲ ಹಿಂದೆ ಇದ್ದಿಲಲ್ಲಿ ಗೀಟು ಹಾಕುತ್ತಿದ್ದರು, ತಿಂಗಳ ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು ಅಂತ. ಅಲ್ಲಿ ನಿಲ್ಲಬೇಕಿತ್ತು ಕಣೇ. ಅವರಿಗೆ ಓದು ಬರಹ ಬರುತ್ತಿತ್ತಾ? ಬರದೇ ಇದ್ದರೆ ಲೆಕ್ಕ ಕಲಿಸಿದವರು ಯಾರು? ಆ ಹಾಲಿನ ದುಡ್ಡು ಯಾರ ಕೈಗೆ ಹೋಗುತ್ತಿತ್ತು, ಅವರದಾ, ಅಜ್ಜನದಾ?

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಪ್ರತಿ ವರ್ಷ ಮಾವಿನಮಿಡಿ ಮಾರುವವರು ಬಂದಾಗ ನಮಗೆಲ್ಲ ಕಸಿವಿಸಿ. ಅಮ್ಮ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಮಿಡಿ ಎತ್ತಿಕೊಂಡು ಪಟಕ್ಕನೆ ತೊಟ್ಟು ಮುರಿಯುತ್ತಿದ್ದಳು. ಚಿಮ್ಮಿದ ಸೊನೆಯನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಹೆಬ್ಬೆರಳಿಗೆ ಅಂಟಿದ್ದನ್ನು ಜಗಲಿಯ ಕಂಬಕ್ಕೆ ಒರೆಸಿ ‘ಇದಲ್ಲ’ ಅನ್ನುತ್ತಿದ್ದಳು. ಚೆನ್ನಾಗಿಲ್ಲ ಅಂತ ಒಂದು ದಿನವೂ ಅಂದವಳಲ್ಲ, ‘ಇದಲ್ಲ’ ಅಂತ ಅಷ್ಟೇ. ಕೊನೆಗೆ ಅದನ್ನೇ ಕೊಂಡು, ತೊಟ್ಟು ಬಿಡದ ಹಾಗೆ ಆರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು ಹಾಕಿ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದಳು. ಅಮ್ಮನ ಸ್ವಭಾವವೇ ಹಾಗೆ, ಯಾವುದೂ ಸರಿಬರುವುದಿಲ್ಲ ಅಂತ ನಾನು ತಿಳಿದುಕೊಂಡಿದ್ದೆ. ಒಂದು ಲೇಖನದಲ್ಲಿ ಹಾಗೇ ಬರೆದೂ ಇದ್ದೆ.

2019ರಲ್ಲಿ ಅವಳನ್ನು ಸಿಗಂದೂರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಆಗಿನ್ನೂ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಬೇಕಿತ್ತು. ಬಸ್ಸು, ಕಾರು, ಜನ ಎಲ್ಲ ಒಟ್ಟಿಗೆ. ಅಮ್ಮ ಸರಳು ಹಿಡಿದು ಒಂದೇ ಕಡೆ ನೋಡುತ್ತಾ ನಿಂತಿದ್ದಳು. ಸುಮ್ನೆ, ಮಾತಿಗೆ ಅಂತ, ‘ನಮ್ಮನೆ ಯಾವ ಕಡೆ ಇತ್ತಮ್ಮಾ?’ ಅಂದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ನಮ್ಮೂರೂ ಮುಳುಗಿತು. ನಾನಾಗ ಮೂರು ವರ್ಷದ ಕೂಸು. ಅದಾಗಿ ಐವತ್ತೈದು ವರ್ಷ ಅವಳ ಜೊತೆಗೇ ಇದ್ದು ಈ ಒಂದು ಪ್ರಶ್ನೆ ಕೇಳಿರಲಿಲ್ಲ. ಅಮ್ಮ ಮನೆ ತೋರಿಸಲಿಲ್ಲ. ನೀರಿನ ಮೇಲೆ ಬೆರಳು ಚಾಚಿ, ‘ಅಲ್ಲಿ ನಮ್ಮ ಅಪ್ಪೆಮರ’ ಅಂದಳು. ಹೊಳೆಯ ಅಂಚಿನ ಮಾವಿನಮರ, ಮಿಡಿಯ ತೊಟ್ಟು ಮುರಿದರೆ ಜೀರಿಗೆ ಪರಿಮಳ. ಊರು ಬಿಡುವ ವರ್ಷ ಆ ಮರದ ಮಿಡಿಯನ್ನು ಉಪ್ಪಿಗೆ ಹಾಕಿದ್ದಳಂತೆ. ಸಾಮಾನೆಲ್ಲ ಲಾರಿಗೆ ತುಂಬಿದ ಮೇಲೆ ಆ ಭರಣಿಯನ್ನು ಮಾತ್ರ ಯಾರ ಕೈಗೂ ಕೊಡದೆ ಶಿವಮೊಗ್ಗದ ಕಡೆಯ ಕಾಡಂಚಿನವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದಳಂತೆ. ಹಬ್ಬಕ್ಕೊಂದು, ನೆಂಟರಿಗೊಂದು ಅಂತ ಎಣಿಸಿ ಎಣಿಸಿ ತೆಗೆದು ಮೂರು ವರ್ಷ ಬಳಸಿದಳಂತೆ.

‘ಇದಲ್ಲ’ ಅಂದರೆ ಏನು ಅಂತ ನನಗೆ ಅವತ್ತು ಗೊತ್ತಾಯಿತು.

ನಿನಗೆ ನಾನು ಹೇಳಬೇಕಾದ್ದು ಇದೇ. ನಾವು ನೋಡಿದ ಅಮ್ಮ, ಅಜ್ಜಿ, ಆ ಬದುಕಿನ ಕೊನೆಯ ಭಾಗ ಮಾತ್ರ. ಅವರ ಅಭ್ಯಾಸ, ಹಟ, ಭಯ ಇವೆಲ್ಲ ನಾವು ಹುಟ್ಟುವ ಮೊದಲೇ ಶುರುವಾದವು. ನಿನ್ನ ಅಜ್ಜಿ ಯಾವ ಪಾತ್ರೆಯನ್ನೂ ಖಾಲಿ ಇಡುತ್ತಿರಲಿಲ್ಲ, ತಳದಲ್ಲಿ ನಾಲ್ಕು ಅಕ್ಕಿಕಾಳಾದರೂ ಹಾಕಿಡುತ್ತಿದ್ದರು ಅಂತ ಬರೆದಿದ್ದೀಯ. ಅದನ್ನು ‘ಸಂಪ್ರದಾಯ’ ಅಂತ ಒಂದೇ ಮಾತಲ್ಲಿ ಮುಗಿಸಬೇಡ. ಅವರು ಹಸಿದ ವರ್ಷ ಯಾವುದು ಅಂತ ಹುಡುಕು.

ವರ್ಷ ಹುಡುಕುವುದಕ್ಕೆ ಕಾಗದಪತ್ರವನ್ನು ಜಾಸ್ತಿ ನಂಬಬೇಡ. ಅಮ್ಮನ ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿತ್ತು. ಆ ಕಾಲದ ಎಷ್ಟೋ ಜನರದ್ದು ಹಾಗೇ ಇದೆ, ತಾರೀಖು ಗೊತ್ತಿಲ್ಲದವರಿಗೆಲ್ಲ ವರ್ಷದ ಮೊದಲ ದಿನ. ಅಮ್ಮ ಹೇಳುತ್ತಿದ್ದದ್ದು ‘ಆಂಗೀರಸ ಸಂವತ್ಸರ, ಕಾರ್ತಿಕ ಮಾಸ’ ಅಂತ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವಲ್ಲ, ಪಂಚಾಂಗ ಹಿಡಿದು ಹಿಂದಕ್ಕೆ ಎಣಿಸಿದರೆ 1932 ಸಿಕ್ಕಿತು. ಅವಳ ಮದುವೆ ಗಾಂಧಿ ಹೋದ ವರ್ಷ, ಅಂದರೆ 1948. ದೊಡ್ಡಣ್ಣ ಹುಟ್ಟಿದ್ದು ಕಾಗೋಡು ಸತ್ಯಾಗ್ರಹದ ವರ್ಷ, 1951. ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ ಜಮೀನಿನ ಒಡೆಯರ ಎದುರು ನಿಂತಿದ್ದಾಗ ಅದೇ ಸಾಗರ ತಾಲ್ಲೂಕಿನ ಒಂದು ಕತ್ತಲೆಕೋಣೆಯಲ್ಲಿ ಹತ್ತೊಂಬತ್ತು ತುಂಬದ ಹುಡುಗಿ ಬಾಣಂತಿಯಾಗಿ ಮಲಗಿದ್ದಳು ಅಂತ ಬರೆಯುವಾಗ, ಅವಳು ನನ್ನ ಅಮ್ಮ ಅನ್ನುವುದೇ ಒಂದು ಗಳಿಗೆ ಮರೆತುಹೋಯಿತು. ಹಾಗೆ ಮರೆತಾಗಲೇ ಅವಳು ಸರಿಯಾಗಿ ಕಂಡಳು.

ಅವರ ಮಾತನ್ನು ತಿದ್ದಬೇಡ. ನಾಟಿ ಮಾಡುವಾಗ ಬೆನ್ನಿಗೆ ಹಾಕಿಕೊಳ್ಳುತ್ತಿದ್ದದ್ದು ಗೊರಬು. ಅದನ್ನು ‘ಎಲೆಯ ಛತ್ರಿ’ ಅಂತ ಯಾಕೆ ಮಾಡಿದೆ? ಗೊತ್ತಿಲ್ಲದವರು ಕೇಳಿ ತಿಳಿದುಕೊಳ್ಳಲಿ ಬಿಡು.

ಇನ್ನೊಂದು ವಿಷಯ. ಅಜ್ಜಿ ನಾದಿನಿಯ ಹತ್ತಿರ ವರ್ಷಗಟ್ಟಲೆ ಮಾತು ಬಿಟ್ಟಿದ್ದರು ಅಂತ ಫೋನಿನಲ್ಲಿ ಹೇಳಿದೆ, ಬರಹದಲ್ಲಿ ಅದು ಇಲ್ಲ. ಸತ್ತವರ ಬಗ್ಗೆ ಹೇಗೆ ಬರೆಯುವುದು ಅನ್ನುವ ಅಳುಕು ನನಗೂ ಇತ್ತು. ಮನೆಯವರನ್ನು ಕೇಳಿಕೊಂಡು ಬರೆ, ಬದುಕಿರುವ ಯಾರ ಮನಸ್ಸೂ ನೋಯದ ಹಾಗೆ ಬರೆ, ಆದರೆ ಬರೆ. ಸಿಟ್ಟೇ ಬಾರದ ಅಜ್ಜಿಯನ್ನು ಓದಿದವರು ನಂಬುವುದಿಲ್ಲ, ಅವರನ್ನು ಬಲ್ಲವರು ಅಂತೂ ಮೊದಲೇ ನಂಬುವುದಿಲ್ಲ.

‘ಇದ್ದಾಗಲೇ ಕೇಳಬೇಕಿತ್ತು’ ಅಂತ ಕೊನೆಯಲ್ಲಿ ಬರೆದಿದ್ದೀಯ. ಆ ಸಂಕಟ ನನಗೆ ಗೊತ್ತು, ಅದು ಹೋಗುವುದಿಲ್ಲ. ಆದರೆ ಅಜ್ಜಿಯ ತಂಗಿ ಹಿನ್ನೀರಿನ ಆಚೆ ತುಮರಿಯಲ್ಲಿ ಇದ್ದಾರೆ ಅಂದೆಯಲ್ಲ, ಎಂಬತ್ತೇಳು ವರ್ಷ, ನೆನಪು ಚೆನ್ನಾಗಿದೆ ಅಂತ. ನಿನ್ನ ಅಜ್ಜಿ ಎಂಟು ವರ್ಷದ ಹುಡುಗಿಯಾಗಿ ಲಂಗ ಎತ್ತಿ ಕಟ್ಟಿಕೊಂಡು ಗದ್ದೆ ಅಂಚಿನಲ್ಲಿ ಓಡಿದ್ದನ್ನು ಯಾರಾದರೂ ಕಂಡಿದ್ದರೆ ಅವರೇ ಕಂಡಿರಬೇಕು, ಬೇರೆ ಯಾರೂ ಈಗ ಉಳಿದಿಲ್ಲ. 2025ರ ಜುಲೈನಿಂದ ಸೇತುವೆ ಆಗಿದೆ, ಲಾಂಚಿಗೆ ಕಾಯುವ ಕೆಲಸ ಇಲ್ಲ. ಈ ಭಾನುವಾರವೇ ಹೋಗಿ ಬಾ. ಹೋದ ತಕ್ಷಣ ಫೋನ್ ತೆಗೆದು ರೆಕಾರ್ಡ್ ಮಾಡಲು ಕೂರಬೇಡ. ಊಟ ಆಗಲಿ, ಬಟ್ಟಲು ತೊಳೆದುಕೊಡು, ಅವರು ಜಗಲಿಗೆ ಬಂದು ಕಾಲು ನೀಡಿ ಕೂರಲಿ. ಆಮೇಲೆ ‘ಅಕ್ಕ ಚಿಕ್ಕವಳಿದ್ದಾಗ ಹೇಗಿದ್ದಳು?’ ಅಂತ ಇಷ್ಟೇ ಕೇಳು.

ಸಾಗರದ ಪೇಟೆಯಲ್ಲಿ ಇಳಿದಾಗ ಒಂದು ಕವಳೆ ಎಳೆ ವೀಳ್ಯದೆಲೆ ತಗೊಂಡು ಹೋಗು. ಅವರಿಗೆ ಇಷ್ಟ ಅಂತ ನೀನೇ ಬರೆದಿದ್ದೀಯ.

ನಿನ್ನ ಅಕ್ಕ